ಮನೆಶಾಲೆಗೂ ಬೇಕು ಕಿರ್ದಿ, ಖತಾವಣಿ

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ಹಳ್ಳಿಯವರು. ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿ ಶೆಡ್ ಇದೆ. ಮಗಳಿಗೆ ಒಂಬತ್ತು ವರ್ಷ. ಮೂರನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿ, ಜೂನ್‌ನಿಂದ ನಾನೇ ಮನೆಯಲ್ಲಿ ಕಲಿಸುತ್ತಿದ್ದೇನೆ. ಮಗನಿಗೆ ಆರು ವರ್ಷ, ಅವನನ್ನು ಇನ್ನೂ ಶಾಲೆಗೆ ಸೇರಿಸಿಲ್ಲ. ಕಲಿತದ್ದಕ್ಕೆಲ್ಲ ದಾಖಲೆ ಇಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಒಂದು ಮೊಬೈಲ್ ಆ್ಯಪ್ ಹಾಕಿಕೊಂಡೆ, ಎರಡು ವಾರಕ್ಕೆ ಕೈಬಿಟ್ಟೆ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಹಾಳೆಗಳನ್ನು ಮುದ್ರಿಸಿದೆ, ಅವುಗಳಲ್ಲಿ ಅರ್ಧಕ್ಕರ್ಧ ಕಾಲಂ ಖಾಲಿಯೇ ಉಳಿದಿವೆ. ‘ನಾಳೆ ಸಾಹೇಬರು ಬಂದು ಕೇಳಿದರೆ ಏನು ತೋರಿಸುತ್ತೀ ಅವ್ವಾ?’ ಎಂದು ಮಾವನವರು ದಿನವೂ ಕೇಳುತ್ತಾರೆ. ಡೈರಿಯೋ, ಫೈಲೋ, ಮೊಬೈಲೋ? ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಮಾವನವರಿಂದಲೇ ಶುರು ಮಾಡುತ್ತೇನೆ, ತಂಗಿ. ನಿಮ್ಮ ಮನೆಯಲ್ಲಿ ದಾಖಲೆ ಇಡುವುದನ್ನು ಚೆನ್ನಾಗಿ ಬಲ್ಲವರು ಬಹುಶಃ ಅವರೇ. ತೋಟ, ಶೆಡ್ಡು, ಅಡತಿ ಅಂಗಡಿಯ ವ್ಯವಹಾರ ಇರುವ ಮನೆಗಳಲ್ಲಿ ಲೆಕ್ಕ ಎರಡು ಪುಸ್ತಕಗಳಲ್ಲಿ ನಡೆಯುತ್ತದೆ. ಇಷ್ಟು ಕೂಲಿ ಕೊಟ್ಟೆ, ಇಷ್ಟು ಗೊಬ್ಬರ ತಂದೆ, ಇಷ್ಟು ಬಾಕ್ಸ್ ಮಾಲು ಕಳಿಸಿದೆ ಎಂದು ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ. ಬಿಡುವಾದಾಗ ಅದನ್ನೇ ಹೆಸರುವಾರು ಬೇರ್ಪಡಿಸಿ ಖತಾವಣಿಗೆ ಏರಿಸುತ್ತಾರೆ. ಯಾರ ಬಾಕಿ ಎಷ್ಟು ಎಂಬುದು ಖತಾವಣಿ ತೆರೆದರೆ ಗೊತ್ತಾಗುತ್ತದೆ. ಆ ಬಾಕಿ ಎಲ್ಲಿಂದ ಬಂತು ಎಂದು ಯಾರಾದರೂ ತಕರಾರು ತೆಗೆದರೆ ಕಿರ್ದಿ ಉತ್ತರ ಕೊಡುತ್ತದೆ.

ನಿಮ್ಮ ಆ್ಯಪ್ ಈ ಎರಡೂ ಕೆಲಸಗಳನ್ನು ಒಂದೇ ಸಲಕ್ಕೆ, ರಾತ್ರಿ ಪಾತ್ರೆ ತೊಳೆದಾದ ಮೇಲೆ, ದಣಿದ ನಿಮ್ಮ ಕೈಯಿಂದ ಮಾಡಿಸಲು ಹೊರಟಿತ್ತು. ಇದು ಯಾವ ವಿಷಯ, ಯಾವ ಪಾಠ, ಎಷ್ಟು ನಿಮಿಷ, ಎಷ್ಟು ಅಂಕ ಎಂದು ಪ್ರತಿ ದಿನವೂ ಕೇಳಿದರೆ ಯಾರಾದರೂ ಕೈಬಿಡುತ್ತಾರೆ. ಅದು ನಿಮ್ಮ ಸೋಮಾರಿತನ ಅಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು: ದಿನಕ್ಕೊಂದು ಕಿರ್ದಿ, ತಿಂಗಳಿಗೊಂದು ಖತಾವಣಿ, ಎರಡೂ ಕಾಗದದಲ್ಲಿ, ಎರಡೂ ನಿಮ್ಮ ಕೈಬರಹದಲ್ಲಿ. ಮೊಬೈಲ್ ಬೇಡ ಎನ್ನುವುದಿಲ್ಲ, ಅದಕ್ಕೆ ಬೇರೆ ಕೆಲಸವಿದೆ.

ಇಳಿಸಿಕೊಂಡ ಹಾಳೆಗಳಲ್ಲಿ ಕಾಲಂ ಖಾಲಿ ಉಳಿದದ್ದಕ್ಕೂ ಕಾರಣವಿದೆ. ಅಂಥ ಹಾಳೆಗಳಲ್ಲಿ ಹೆಚ್ಚಿನವು ಅಮೆರಿಕದ ಪಾಲಕರಿಗಾಗಿ ತಯಾರಾದವು. ಅಲ್ಲಿ ಮನೆಶಿಕ್ಷಣಕ್ಕೆ ರಾಜ್ಯಕ್ಕೊಂದು ಕಾನೂನು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವರ್ಷಕ್ಕೆ 180 ದಿನ, ಅಥವಾ ಪ್ರಾಥಮಿಕ ಹಂತದಲ್ಲಿ 900 ಗಂಟೆ ಕಲಿಸಿದ್ದನ್ನು ತೋರಿಸಬೇಕು. ಓದಿದ ಪುಸ್ತಕಗಳ ಪಟ್ಟಿ, ಮಗುವಿನ ಕೆಲಸದ ಮಾದರಿಗಳನ್ನು ಕಡತದಲ್ಲಿಟ್ಟು ಮೌಲ್ಯಮಾಪಕರ ಮುಂದೆ ಇಡಬೇಕು. ಅದಕ್ಕಾಗಿಯೇ ಆ ಹಾಳೆಗಳಲ್ಲಿ ಗಂಟೆಯ ಕಾಲಂ, ಹಾಜರಿಯ ಕಾಲಂ, ಸಹಿಯ ಜಾಗ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ 200 ಕೆಲಸದ ದಿನ, 800 ಬೋಧನಾ ಗಂಟೆ ಎಂದು ಹೇಳಿರುವುದು ಶಾಲೆಗಳಿಗೆ. ನಿಮ್ಮ ಅಡುಗೆಮನೆಯ ಗಡಿಯಾರಕ್ಕೆ ಆ ಲೆಕ್ಕ ಹತ್ತುವುದಿಲ್ಲ. ಗಂಟೆ ಎಣಿಸುವುದನ್ನು ಇವತ್ತೇ ನಿಲ್ಲಿಸಿ.

ಪುಸ್ತಕಗಳಿಗೆ ಕೈ ಹಚ್ಚುವ ಮುನ್ನ ಒಂದು ಫೈಲು ತಯಾರಾಗಬೇಕು. ಮನೆಯಲ್ಲಿ ಕಲಿಸುವವರು ಮಗು ಬಿಡಿಸಿದ ಪ್ರತಿ ಚಿತ್ರವನ್ನೂ ಜೋಪಾನ ಮಾಡುತ್ತಾರೆ, ಆದರೆ ಮಗು ಯಾರು, ಎಂದು ಹುಟ್ಟಿತು ಎಂದು ಹೇಳುವ ನಾಲ್ಕು ಕಾಗದಗಳನ್ನು ಕೇಳಿದರೆ ಕಪಾಟೆಲ್ಲ ಹುಡುಕುತ್ತಾರೆ. ನಾನು ಬೆಳಗಾವಿಯಲ್ಲಿ 18 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಆಮೇಲೆ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಕುಟುಂಬಗಳ ಜೊತೆ ಕುಳಿತಿದ್ದೇನೆ. ಕಣ್ಣೀರು ಹಾಕಿಸಿದ್ದು ಯಾವಾಗಲೂ ಈ ನಾಲ್ಕು ಕಾಗದಗಳೇ. ಜನನ ಪ್ರಮಾಣಪತ್ರ, ಆಧಾರ್, ಲಸಿಕೆಯ ಕಾರ್ಡು, ಮಗಳ ವಿಷಯದಲ್ಲಾದರೆ ಶಾಲೆಯ ವರ್ಗಾವಣೆ ಪತ್ರ. ಈ ನಾಲ್ಕನ್ನೂ ಸಾಲಾಗಿ ನೆಲದ ಮೇಲೆ ಇಟ್ಟುಕೊಂಡು, ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಹೋಲಿಸಿ ನೋಡಿ.

ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ನಾವು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯುತ್ತೇವೆ. ಒಂದು ಕಾಗದದಲ್ಲಿ ತಂದೆಯ ಹೆಸರು ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಬರೀ ಒಂದಕ್ಷರ. ಒಂದರಲ್ಲಿ ಅಡ್ಡಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ‘ಪಾಟೀಲ’ ಎಂಬುದು ಇಂಗ್ಲಿಷ್ ಅಕ್ಷರಗಳಿಗೆ ಹೋಗುವಾಗ ಎರಡು ಮೂರು ರೂಪ ತಾಳುತ್ತದೆ. ಶಾಲೆಗೆ ಹೋಗುವ ಮಗುವಿನ ಈ ತಪ್ಪನ್ನು ಹತ್ತನೆಯ ತರಗತಿಯ ಅರ್ಜಿ ತುಂಬುವ ಹೊತ್ತಿಗೆ ಮುಖ್ಯೋಪಾಧ್ಯಾಯರೋ ಗುಮಾಸ್ತರೋ ಹಿಡಿಯುತ್ತಾರೆ. ನಿಮ್ಮ ಮಕ್ಕಳ ಹಿಂದೆ ಅಂಥವರು ಯಾರೂ ಇರುವುದಿಲ್ಲ. ಆ ಗುಮಾಸ್ತರ ಕೆಲಸವೂ ನಿಮ್ಮದೇ. ತಪ್ಪಿದ್ದರೆ ಈಗಲೇ ತಿದ್ದಿಸಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಕೂತ ಹೆಸರು, ಜನ್ಮದಿನಾಂಕ ಮಗುವಿನ ಜೊತೆ ಜೀವನಪೂರ್ತಿ ನಡೆಯುತ್ತವೆ.

ಮಗಳಿಗೆ ಶಾಲೆಯಲ್ಲಿ ಸಿಕ್ಕ ಸ್ಯಾಟ್ಸ್ ಸಂಖ್ಯೆಯನ್ನೂ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಅವಳ ಗುರುತಿನ ಸಂಖ್ಯೆ ಅದು) ಫೈಲಿನ ಒಳರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ. ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಮುಂದೆ ಅದರ ಮೇಲೆ ಮೊಹರು, ಸಹಿ ಬೇಕಾದರೆ ಪೇಚಾಟ. ಜೆರಾಕ್ಸ್ ಪ್ರತಿಗಳನ್ನು ಅಗ್ಗದ ಪ್ಲಾಸ್ಟಿಕ್ ಲಕೋಟೆಯೊಳಗೆ ವರ್ಷಗಟ್ಟಲೆ ಇಟ್ಟರೆ, ನಮ್ಮ ಬೇಸಿಗೆಯ ಕಾವಿಗೆ ಕಪ್ಪು ಅಕ್ಷರಗಳು ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬರುತ್ತವೆ. ನಡುವೆ ಒಂದು ಬಿಳಿ ಹಾಳೆ ಇಡಿ.

ಇನ್ನು ಕಿರ್ದಿ. ಇನ್ನೂರು ಪುಟದ ಗೆರೆ ನೋಟ್‌ಬುಕ್ ಸಾಕು. ಹೊಲಿದ ಪುಸ್ತಕ ಇರಲಿ, ಹಾಳೆ ಕಿತ್ತು ಸೇರಿಸುವ ಸ್ಪೈರಲ್ ಬೇಡ. ಇಬ್ಬರು ಮಕ್ಕಳಿಗೂ ಒಂದೇ ಕಿರ್ದಿ. ತಾರೀಖು, ವಾರ, ಆಮೇಲೆ ಮಗುವಿಗೆ ಎರಡು ಅಥವಾ ಮೂರು ಸಾಲು. ಏನು ಕಲಿಸಿದೆ ಎಂದು ಬರೆಯಬೇಡಿ, ಮಗು ಏನು ಮಾಡಿತು, ಏನು ಹೇಳಿತು ಎಂದು ಬರೆಯಿರಿ. ಈ ಒಂದು ವ್ಯತ್ಯಾಸದಲ್ಲಿ ದಾಖಲೆಯ ಪ್ರಾಣ ಇದೆ. ‘ಗೋಳಗುಮ್ಮಟ ನೋಡಿ ಬಂದೆವು, ಇತಿಹಾಸ ಕಲಿತೆವು’ ಎಂದು ಬರೆದರೆ ಐದು ವರ್ಷದ ಮೇಲೆ ಅದು ಬಸ್ ಟಿಕೆಟಿನಷ್ಟೇ ಹೇಳುತ್ತದೆ. ‘ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದಳು, ಎಂಟು ಸಲ ಕೇಳಿಸಿತು ಅಂದಳು, ಜನ ಹೆಚ್ಚಿದ್ದರಿಂದ ಮತ್ತೆ ಎಣಿಸಲು ಆಗಲಿಲ್ಲ. 1656ರಲ್ಲಿ ಮುಗಿದದ್ದು ಎಂದು ಹೇಳಿದಾಗ, ಈಗಿನಿಂದ ಎಷ್ಟು ವರ್ಷ ಹಿಂದೆ ಎಂದು ತಾನೇ ಕಳೆದಳು, ಹತ್ತರ ಸ್ಥಾನದಲ್ಲಿ ಎರವಲು ತಪ್ಪಿತು’ ಎಂದು ಬರೆದರೆ ಅದರೊಳಗೆ ವಿಜ್ಞಾನ, ಇತಿಹಾಸ, ಗಣಿತ ಮೂರೂ ಇವೆ. ನಾಳೆ ಏನು ಕಲಿಸಬೇಕು ಎಂಬುದೂ ಇದೆ.

ನನಗೆ ತುಂಬ ಇಷ್ಟವಾದ ಕಿರ್ದಿ ಬಬಲೇಶ್ವರದ ಕಡೆಯ ಒಂದು ಮನೆಯದು. ಅವರದೂ ನಿಮ್ಮಂತೆ ದ್ರಾಕ್ಷಿ ಮನೆ. ಫೆಬ್ರುವರಿಯಲ್ಲಿ ಶೆಡ್ಡಿನ ಜಾಲಿಗೆ ಮಾಲು ಏರಿದಾಗ, ಹತ್ತು ವರ್ಷದ ಹುಡುಗಿ ತನಗೂ ಒಂದಿಷ್ಟು ಬೇಕು ಎಂದು ಹಟ ಹಿಡಿದಳಂತೆ. ಎರಡು ಕಿಲೋ ಹಸಿ ದ್ರಾಕ್ಷಿಯನ್ನು ಒಂದು ತಟ್ಟೆಯಲ್ಲಿ ಹರವಿ ಕೊಟ್ಟರು. ದಿನವೂ ಸಂಜೆ ತೂಕ ಮಾಡಿದಳು. ಮೊದಲ ಎರಡು ದಿನದ ಸಾಲುಗಳಲ್ಲಿ ತೂಕ ವಿಚಿತ್ರವಾಗಿ ಹೆಚ್ಚಿದೆ. ಮೂರನೆಯ ದಿನದ ಸಾಲು ಹೀಗಿದೆ: ‘ತಟ್ಟೆಯ ತೂಕ ಕಳೆದೇ ಇರಲಿಲ್ಲ ಎಂದು ತಾನೇ ಕಂಡುಹಿಡಿದಳು. ತಟ್ಟೆ 310 ಗ್ರಾಂ. ಹಿಂದಿನ ಎರಡು ಅಂಕಿಗಳನ್ನು ತಿದ್ದಿದಳು, ಹಳೆಯದನ್ನು ಅಳಿಸಲಿಲ್ಲ, ಒಂದು ಗೆರೆ ಎಳೆದಳು.’ ಹದಿನಾರನೆಯ ದಿನ 520 ಗ್ರಾಂ ಉಳಿಯಿತು. ‘ನಾಲ್ಕು ಕಿಲೋಗೆ ಒಂದು ಕಿಲೋ ಅಂತ ಅಜ್ಜ ಹೇಳಿದ್ದು ಹತ್ತಿರ ಹತ್ತಿರ ಸರಿ, ಪೂರ್ತಿ ಸರಿ ಅಲ್ಲ ಅಂದಳು.’ ಆ ತಾಯಿ ಪದವಿ ಓದಿದವರಲ್ಲ. ಆದರೆ ತೂಕ, ಕಳೆಯುವುದು, ಅನುಪಾತ, ಆವಿಯಾಗುವುದು, ತಪ್ಪನ್ನು ತಾನೇ ಹಿಡಿಯುವುದು, ಇಷ್ಟೂ ಆ ಹದಿನಾರು ಸಣ್ಣ ನಮೂದುಗಳಲ್ಲಿವೆ. ಯಾವ ಅಂಕಪಟ್ಟಿಯೂ ಆ ಹುಡುಗಿಯನ್ನು ನನಗೆ ಅಷ್ಟು ಚೆನ್ನಾಗಿ ತೋರಿಸಲಾರದು.

ಬರೆಯದ ದಿನ ಬಂದರೆ ಬಿಟ್ಟುಬಿಡಿ. ಜಾತ್ರೆ, ಮದುವೆ, ಜ್ವರ, ಕಟಾವು ಇದ್ದಾಗ ‘ಕಟಾವು, ಪಾಠ ಇಲ್ಲ’ ಎಂದು ಒಂದು ಸಾಲು ಹಾಕಿದರೂ ಆಯಿತು.

ಖತಾವಣಿಗೆ ತಿಂಗಳ ಕೊನೆಯ ರವಿವಾರ ಒಂದು ಗಂಟೆ ಕೊಡಿ. ಪ್ರತಿ ಮಗುವಿಗೂ ಬೇರೆ ಪುಸ್ತಕ, ಅದರಲ್ಲಿ ವಿಷಯಕ್ಕೆ ಹತ್ತಿಪ್ಪತ್ತು ಪುಟ: ಕನ್ನಡ, ಗಣಿತ, ಪರಿಸರ, ಇಂಗ್ಲಿಷ್, ಕೈಕೆಲಸ. ಕಿರ್ದಿಯನ್ನು ಮುಂದಿಟ್ಟುಕೊಂಡು ಆ ತಿಂಗಳಲ್ಲಿ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ಪ್ರತಿ ವಿಷಯಕ್ಕೂ ನಾಲ್ಕು ಸಾಲು ಬರೆಯಿರಿ. ಅಳತೆಗೋಲು ಬೇಕಲ್ಲ? ಕರ್ನಾಟಕ ಪಠ್ಯಪುಸ್ತಕ ಸಂಘ ಎಲ್ಲ ತರಗತಿಗಳ ಪುಸ್ತಕಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ನಾಲ್ಕನೆಯ ತರಗತಿಯ ಪುಸ್ತಕಗಳ ಪರಿವಿಡಿಯನ್ನು ಮಾತ್ರ ಮುದ್ರಿಸಿ ಖತಾವಣಿಯ ಮೊದಲ ಪುಟಕ್ಕೆ ಅಂಟಿಸಿ. ಪಾಠವನ್ನು ಅದೇ ಕ್ರಮದಲ್ಲಿ ಮಾಡಬೇಕಿಲ್ಲ. ಮಗಳು ಸಹಾಯವಿಲ್ಲದೆ ಮಾಡಬಲ್ಲಳು ಎಂದು ನಿಮಗೆ ಖಾತ್ರಿಯಾದಾಗ ಆ ಪಾಠದ ಮುಂದೆ ತಾರೀಖು ಹಾಕಿ. ನಿಮ್ಮ ಮಗಳು ಓದಿದ್ದು ಸರ್ಕಾರಿ ಕನ್ನಡ ಶಾಲೆಯಾಗಿದ್ದರೆ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ನೆನಪು ಅವಳಿಗಿರುತ್ತದೆ. ಅದರಲ್ಲಿ ತರಗತಿಯ ಎಲ್ಲರೂ ಒಂದೇ ದಿನ ಒಂದೇ ಮೆಟ್ಟಿಲಲ್ಲಿ ಇರಬೇಕಿಲ್ಲ, ಪ್ರತಿ ಮಗುವೂ ತಾನು ಎಲ್ಲಿದ್ದೇನೆ ಎಂದು ಗೋಡೆಯ ಪಟದಲ್ಲಿ ನೋಡಿಕೊಳ್ಳುತ್ತದೆ. ಆ ಪಟವನ್ನು ವರ್ಷಗಟ್ಟಲೆ ತುಂಬಿದವಳು ನಾನು. ಖತಾವಣಿಯ ಆ ಮೊದಲ ಪುಟವನ್ನು ಮಗಳೇ ತುಂಬಲಿ, ಅವಳಿಗೆ ಅದು ಹೊಸದಾಗಿ ಕಾಣುವುದಿಲ್ಲ.

ಖತಾವಣಿಗೆ ಆಧಾರವಾಗಿ ತಿಂಗಳಿಗೆ ಮೂರೇ ಮೂರು ಹಾಳೆ ಎತ್ತಿಡಿ. ಒಂದು ಮಗು ಹೆಮ್ಮೆಪಡುವಂಥದ್ದು, ಅದನ್ನು ಮಗುವೇ ಆರಿಸಲಿ. ಒಂದು ದಿನನಿತ್ಯದ ಸಾಧಾರಣ ಕೆಲಸ. ಒಂದು ತಪ್ಪಿರುವುದು, ನೀವು ತಿದ್ದದೆ ಹಾಗೇ ಇಟ್ಟದ್ದು. ಎಲ್ಲದರ ಮೂಲೆಯಲ್ಲೂ ತಾರೀಖು, ಮತ್ತು ‘ತಾನೇ ಬರೆದದ್ದು’ ಅಥವಾ ‘ಅಕ್ಷರ ನಾನು ಹೇಳಿದೆ’ ಎಂಬ ಮಾತು ಇರಲಿ. ಉಳಿದದ್ದನ್ನು ಇಟ್ಟುಕೊಳ್ಳುವ ಹಂಗಿಲ್ಲ. ಚಂದದ ಹಾಳೆಗಳನ್ನೇ ತುಂಬಿದ ಫೈಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಗು ಎಲ್ಲಿ ಎಡವುತ್ತಿತ್ತು, ಯಾವಾಗ ಎದ್ದು ನಿಂತಿತು ಎಂಬುದು ಅವುಗಳಲ್ಲಿ ಕಾಣುವುದೇ ಇಲ್ಲ.

ಮೊಬೈಲಿಗೆ ಕೊಡಬೇಕಾದ ಕೆಲಸ ಧ್ವನಿ. ತಿಂಗಳಿಗೊಮ್ಮೆ, ಅದೇ ತಾರೀಖಿಗೆ, ಮಗು ಗಟ್ಟಿಯಾಗಿ ಓದುವುದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಅರ್ಧ ನಿಮಿಷ ಹಳೆಯ ಪುಟ, ಅರ್ಧ ನಿಮಿಷ ಹೊಸದು. ನಿಮ್ಮ ಮಗ ಈಗ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ ಎಂದಿಟ್ಟುಕೊಳ್ಳಿ. ಆ ನಿಲುಗಡೆ ಒಂದು ತಿಂಗಳು ಕಿರಿದಾಗುತ್ತದೆ, ಮತ್ತೊಂದು ತಿಂಗಳು ಮಾಯವಾಗುತ್ತದೆ. ಕಾಗದದ ಮೇಲೆ ಇದನ್ನು ಹಿಡಿಯಲು ಆಗುವುದೇ ಇಲ್ಲ. ಕಡತಕ್ಕೆ ಹೆಸರು ಕೊಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂಕಿ ಹಾಕಿದರೆ ಫೋನು ತಾನಾಗಿ ಸಾಲು ಹಚ್ಚುತ್ತದೆ. ಮಣ್ಣಿನ ಮಾದರಿ, ರಂಗೋಲಿಯಂಥ ಎತ್ತಿಡಲಾಗದ ವಸ್ತುಗಳ ಫೋಟೊ ತೆಗೆಯಿರಿ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಅತ್ತೆಯವರಿಗೆ ಕಳಿಸಿದ ಪ್ರತಿಯನ್ನೇ ದಾಖಲೆ ಎಂದು ನಂಬಬೇಡಿ. ಅಲ್ಲಿ ಚಿತ್ರ ಕುಗ್ಗುತ್ತದೆ, ಅದರೊಳಗೆ ಅಡಗಿದ್ದ ತಾರೀಖೂ ಕಳಚಿಹೋಗುತ್ತದೆ. ಕಿರ್ದಿ, ಖತಾವಣಿಗಳ ಪುಟಗಳನ್ನೂ ತಿಂಗಳಿಗೊಮ್ಮೆ ಫೋಟೊ ತೆಗೆದು ಇಮೇಲ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಹಾಕಿಡಿ.

ಎರಡೆರಡು ಪ್ರತಿ ಏಕೆ ಎಂದರೆ, 2019ರ ಆಗಸ್ಟ್ ಪ್ರವಾಹ ನನ್ನ ಕಣ್ಣ ಮುಂದಿದೆ. ಘಟಪ್ರಭೆ ಇಳಿದ ಮೇಲೆ ಗೋಕಾಕ ಕಡೆಯ ಒಂದು ಮನೆಗೆ ಹೋಗಿದ್ದೆ. ಅಂಗಳದ ಹಗ್ಗದ ಮೇಲೆ ಬಟ್ಟೆಯ ಜೊತೆ ಪುಸ್ತಕದ ಹಾಳೆಗಳನ್ನೂ ಒಣಹಾಕಿದ್ದರು. ಮನೆಯ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ, ಬಣ್ಣದ ಅಂಚು ಹಾಕಿ, ತಿಂಗಳುವಾರು ಜೋಡಿಸಿದ್ದ ವರದಿಗಳು ನೀಲಿ ನೇರಳೆ ಕಲೆಗಳಾಗಿದ್ದವು. ಜೆಲ್ ಪೆನ್ನಿನ ಬರಹ ಹರಿದುಹೋಗಿತ್ತು. ಬಾಲ್‌ಪೆನ್ನಿನಲ್ಲಿ ಬರೆದ ದಿನಚರಿಯೂ, ಮಗು ಪೆನ್ಸಿಲ್‌ನಲ್ಲಿ ಮಾಡಿದ ಲೆಕ್ಕಗಳೂ ಹಾಳೆ ಸುಕ್ಕಾಗಿದ್ದರೂ ಓದಲು ಬರುತ್ತಿದ್ದವು. ಬಾಲ್‌ಪೆನ್ನಿನ ಶಾಯಿ ಎಣ್ಣೆಯದು, ಪೆನ್ಸಿಲ್‌ನದು ಗ್ರಾಫೈಟ್. ನೀರಿಗೆ ಎರಡೂ ಕರಗುವುದಿಲ್ಲ. ನಿಮ್ಮ ಊರಿಗೆ ನದಿ ಬರಲಿಕ್ಕಿಲ್ಲ, ಆದರೆ ಸೋರುವ ಪತ್ರಾಸು, ಗೆದ್ದಲು ಎಲ್ಲ ಮನೆಗಳಲ್ಲೂ ಇವೆ. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಪುಸ್ತಕಗಳನ್ನು ತಗಡಿನ ಟ್ರಂಕಿನಲ್ಲಿ, ನೆಲದಿಂದ ಮೇಲೆ ಇಡಿ.

ಈಗ ಸಾಹೇಬರ ವಿಷಯ. ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಅನ್ವಯಿಸುತ್ತದೆ, ನಿಮ್ಮ ಇಬ್ಬರೂ ಅದರೊಳಗೆ ಬರುತ್ತಾರೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದರ 10ನೆಯ ಕಲಂ ಹೇಳುತ್ತದೆ. ಸೇರಿಸದ ಪಾಲಕರಿಗೆ ದಂಡ, ಶಿಕ್ಷೆ ಎಂದು ಎಲ್ಲಿಯೂ ಹೇಳುವುದಿಲ್ಲ. ಮನೆಶಿಕ್ಷಣ ಎಂಬ ಮಾತೇ ಕಾಯ್ದೆಯಲ್ಲಿಲ್ಲ. ಅದಕ್ಕೆ ಮನ್ನಣೆಯನ್ನೂ ಕೊಟ್ಟಿಲ್ಲ, ಹೆಸರು ಹಿಡಿದು ನಿಷೇಧಿಸಿಯೂ ಇಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಮನೆಗೆ ಬರಬಹುದು. ಅವರು ನಿಮ್ಮ ವೈರಿಗಳಲ್ಲ. ಬಾಲ್ಯವಿವಾಹದಿಂದ, ಕೂಲಿಯಿಂದ ಮಕ್ಕಳನ್ನು ಬಿಡಿಸಿ ತರುವವರೂ ಅವರೇ. ಅವರನ್ನು ಕೂರಿಸಿ ಎರಡು ಪುಸ್ತಕ ಮುಂದಿಡಿ, ಮಗಳಿಂದ ಒಂದು ಪುಟ ಓದಿಸಿ. ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಅದಕ್ಕೂ ಮೊದಲೇ ಹೋಗಿ ಕಂಡು ಬಂದಿದ್ದರೆ ಇನ್ನೂ ಒಳ್ಳೆಯದು. ಪುಸ್ತಕ ತೋರಿಸಿದ ಮಾತ್ರಕ್ಕೆ ಕಾನೂನಿನ ಪ್ರಶ್ನೆ ಮುಗಿಯುವುದಿಲ್ಲ. ಆದರೆ ಈ ಮನೆಯಲ್ಲಿ ಮಗು ಕಲಿಯುತ್ತಿದೆ, ದ್ರಾಕ್ಷಿ ಬಿಡಿಸಲು ಹೋಗುತ್ತಿಲ್ಲ ಎಂಬುದು ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಕಾಣುತ್ತದೆ.

ನಾಳೆ ಮಗಳು ಮತ್ತೆ ಶಾಲೆಗೆ ಹೋಗುತ್ತೇನೆ ಎಂದರೆ? ಅದೇ ಕಾಯ್ದೆಯ 4ನೆಯ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಪ್ರವೇಶಕ್ಕೆ ನಿಮ್ಮ ಖತಾವಣಿ ಬೇಕಿಲ್ಲ, ಆದರೆ ಅವಳನ್ನು ಬರಮಾಡಿಕೊಳ್ಳುವ ಶಿಕ್ಷಕಿಗೆ ಬೇಕು. ಹನ್ನೆರಡು ವರ್ಷದ ಹುಡುಗಿ ಏಳನೆಯ ತರಗತಿಗೆ ಬಂದು ಕುಳಿತಾಗ, ಭಿನ್ನರಾಶಿ ಬರುತ್ತದೆ, ದಶಮಾಂಶ ಅರ್ಧ ಬರುತ್ತದೆ, ಇಂಗ್ಲಿಷ್ ಓದುತ್ತಾಳೆ ಆದರೆ ಬರೆಯಲು ಅಳುಕುತ್ತಾಳೆ ಎಂದು ತಾಯಿಯ ಕೈಬರಹದಲ್ಲಿ ನಾಲ್ಕು ಪುಟ ಸಿಕ್ಕರೆ ಆ ಶಿಕ್ಷಕಿಯ ಎರಡು ತಿಂಗಳು ಉಳಿಯುತ್ತವೆ. ನಾನು ಆ ಕುರ್ಚಿಯಲ್ಲಿ ಕುಳಿತವಳಾಗಿ ಹೇಳುತ್ತಿದ್ದೇನೆ.

ಹೋಗದಿದ್ದರೆ, ಹದಿನಾಲ್ಕು ತುಂಬಿದ ಮೇಲೆ ಎನ್‌ಐಒಎಸ್ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಬಹುದು. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ ಅದು. ಕನಿಷ್ಠ ಐದು ವಿಷಯ ಆರಿಸಿಕೊಳ್ಳಬೇಕು, ನೋಂದಣಿ ಐದು ವರ್ಷ ಊರ್ಜಿತ, ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಬರಹಗಳಿಗೂ ಅಂಕವಿದೆ. ಅಲ್ಲಿ ಮೊದಲು ಕೇಳುವುದು ಜನ್ಮದಿನಾಂಕ, ಗುರುತಿನ ಪುರಾವೆ. ಎಂಟನೆಯ ತರಗತಿಯ ಪ್ರಮಾಣಪತ್ರ ಇಲ್ಲದಿದ್ದರೆ, ಈ ಹಂತಕ್ಕೆ ಬೇಕಾದಷ್ಟು ಕಲಿತಿದ್ದೇನೆ ಎಂಬ ಸ್ವಯಂ ಘೋಷಣೆ. ಆ ಘೋಷಣೆಗೆ ಸಹಿ ಹಾಕುವಾಗ ಮಗಳ ಕೈ ನಡುಗಬಾರದು. ಹಿಂದಿನ ಐದು ಖತಾವಣಿಗಳನ್ನು ತಾನೇ ತಿರುವಿ ನೋಡಿ, ಹೌದು, ಇಷ್ಟು ನನಗೆ ಬರುತ್ತದೆ ಎಂದು ಅವಳು ಸಹಿ ಹಾಕಲಿ. ನಾಲ್ಕು ಕಾಗದಗಳ ಆ ಮೊದಲ ಫೈಲು ಅಂದು ಹೊರಬರುತ್ತದೆ.

ಜೂನ್‌ನಿಂದ ಇಲ್ಲಿಯವರೆಗೆ ಬರೆಯದೆ ಉಳಿದ ದಿನಗಳ ಬಗ್ಗೆ ಕೊರಗಬೇಡಿ, ಹಿಂದಿನ ತಾರೀಖು ಹಾಕಿ ನೆನಪಿನಿಂದ ತುಂಬಲೂ ಹೋಗಬೇಡಿ. ನಿಮ್ಮ ಮಾವನವರು ಕಿರ್ದಿಯಲ್ಲಿ ಹಾಗೆ ಮಾಡಲು ಒಪ್ಪುವುದಿಲ್ಲ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಇವತ್ತಿನ ತಾರೀಖು ಹಾಕಿ ‘ಜೂನ್‌ನಿಂದ ಇಲ್ಲಿಯವರೆಗೆ’ ಎಂದು ಬರೆದು, ಮಗಳನ್ನೂ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನೆನಪಿದ್ದಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಎರಡನೆಯ ಪುಟದಿಂದ ದಿನದ ಲೆಕ್ಕ. ಖಾಲಿ ಕಾಲಮ್ಮಿನ ಆ ಮುದ್ರಿತ ಹಾಳೆಗಳ ಹಿಂಬದಿ ಬಿಳಿಯಿದೆಯಲ್ಲ, ಅವನ್ನು ಮಗನಿಗೆ ಅಕ್ಷರ ತಿದ್ದಲು ಕೊಡಿ.